ಕಾಣದ ಗ್ರಹವೊಂದು ಉಂಟೆ?

(ಶಾಗ್ಯ ಗ್ರಾಮದ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವ ನಿಮಗೆ ಈ ವಿಷಯ ತೀರ ಹೊಸದಲ್ಲ. ಮುಸುಕಿನ ಜೋಳದ ನಡುವೆ ದಂಟು ಅಲುಗುತ್ತದೆ. ಹಂದಿ ಕಣ್ಣಿಗೆ ಬಿದ್ದಿಲ್ಲ. ಆದರೂ ಒಳಗೆ ಹಂದಿಯಿದೆ ಎನ್ನುತ್ತೀರಿ. ಕೆಲವು ವೇಳೆ ಅದು ಹಂದಿಯೇ ಆಗಿರುತ್ತದೆ, ಕೆಲವು ವೇಳೆ ಬರಿಯ ಗಾಳಿ. ನಮ್ಮ ಸೂರ್ಯನನ್ನು ಸುತ್ತುವ, ಇದುವರೆಗೆ ಯಾರೂ ಕಾಣದ ಗ್ರಹವೊಂದು ಉಂಟೆ ಎಂದು ಪಂಡಿತರೂ ಆಕಾಶ ನೋಡುವ ಹವ್ಯಾಸಿಗಳೂ ನಡೆಸಿರುವ ವಾದವೂ ಇಂಥದೇ.

ಹಿಂದೊಮ್ಮೆ ಹಂದಿಯೇ ಇತ್ತು. ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಸಂಗೀತದ ಮೇಷ್ಟರು; ದೂರದರ್ಶಕವನ್ನು ತಮ್ಮ ಕೈಯಿಂದಲೇ ಮಾಡಿಕೊಂಡವರು. (ಅವರ ಮೊಮ್ಮಗ ೧೮೬೮ರ ಸೂರ್ಯಗ್ರಹಣ ನೋಡಲು ನಮ್ಮ ಜಮಖಂಡಿಗೆ ಬಂದಿದ್ದರು.) ಯುರೇನಸ್ ಮುಂದೆ ಲೆಕ್ಕದಂತೆ ನಡೆಯಲಿಲ್ಲ. ಆಚೆಯಿಂದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕೆಂದು ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿ, ಇಂಥ ಕಡೆ ನೋಡಿ ಎಂದು ಬರ್ಲಿನ್ನಿಗೆ ಕಾಗದ ಬರೆದರು. ಕಾಗದ ತಲಪಿದ ರಾತ್ರಿಯೇ, ೧೮೪೬ರ ಸೆಪ್ಟೆಂಬರ್ ೨೩ರಂದು, ಗಾಲೆ ಎಂಬವರು ನೆಪ್ಚೂನನ್ನು ಕಂಡರು. ಹೇಳಿದ ಜಾಗಕ್ಕೂ ಕಂಡ ಜಾಗಕ್ಕೂ ಅಂತರ ಹುಣ್ಣಿಮೆಯ ಚಂದ್ರರನ್ನು ಎರಡು ಪಕ್ಕಪಕ್ಕ ಇಟ್ಟಷ್ಟೂ ಇರಲಿಲ್ಲ!

ಅದೇ ಲೆವೆರಿಯೆ ಬುಧನ ನಡೆಯಲ್ಲೂ ಸಣ್ಣ ವ್ಯತ್ಯಾಸ ಕಂಡು, ಸೂರ್ಯನಿಗೆ ಇನ್ನೂ ಸಮೀಪದಲ್ಲಿ ಏನೋ ಸುತ್ತುತ್ತಿದೆ ಎಂದು ೧೮೫೯ರಲ್ಲಿ ಸಾರಿದರು. ಲೆಸ್ಕಾರ್ಬೋ ಎಂಬ ಹಳ್ಳಿಯ ವೈದ್ಯರು ಸೂರ್ಯಬಿಂಬವನ್ನು ದಾಟಿದ ಕಪ್ಪು ಚುಕ್ಕೆಯನ್ನು ತಾವು ಕಂಡೆವೆಂದರು. ವಲ್ಕನ್ ಎಂದು ನಾಮಕರಣವೂ ಆಯಿತು. ಗ್ರಹ ಮಾತ್ರ ಸಿಗಲಿಲ್ಲ. ೧೯೧೫ರಲ್ಲಿ ಐನ್‌ಸ್ಟೈನರು ಗುರುತ್ವಾಕರ್ಷಣೆಗೆ ಹೊಸ ವಿವರಣೆ ಕೊಟ್ಟಾಗ ಬುಧನ ನಡೆ ತಾನಾಗಿ ಲೆಕ್ಕಕ್ಕೆ ಬಂತು. ಅದು ಗಾಳಿ. ಬುದ್ಧಿ ಅದೇ, ಲೆಕ್ಕದ ರೀತಿಯೂ ಅದೇ. ಒಮ್ಮೆ ಗೆದ್ದಿತು, ಒಮ್ಮೆ ಸೋತಿತು.

೧೯೩೦ರಲ್ಲಿ ಪ್ಲೂಟೋವನ್ನು ಕಂಡ ಕ್ಲೈಡ್ ಟಾಂಬೋ ಅಮೆರಿಕದ ರೈತನ ಮಗ. ಆಲಿಕಲ್ಲಿನ ಮಳೆಗೆ ಬೆಳೆ ಹಾಳಾಗಿ ಕಾಲೇಜಿನ ಆಸೆ ಬಿಟ್ಟಿದ್ದ ಹುಡುಗ. ಆಕಾಶದ ಒಂದೇ ಭಾಗವನ್ನು ಬೇರೆ ಬೇರೆ ರಾತ್ರಿ ಚಿತ್ರ ತೆಗೆದು, ಯಾವ ಚುಕ್ಕೆ ಸರಿದಿದೆಯೆಂದು ಹುಡುಕಿದ. ಪ್ಲೂಟೋ ತೀರ ಚಿಕ್ಕದೆಂದು ಆಮೇಲೆ ತಿಳಿಯಿತು. ೨೦೦೬ರಲ್ಲಿ ಅದನ್ನು ಕುಬ್ಜಗ್ರಹವೆಂದು ಎಣಿಸಿದರು. ಸರಿಯುವ ಚುಕ್ಕೆಯನ್ನು ಹಿಡಿಯುವ ಕೆಲಸ ನಮ್ಮ ನೆರೆಯಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ೧೯೮೮ರಲ್ಲಿ ಒಂದು ಕ್ಷುದ್ರಗ್ರಹವನ್ನು ಕಂಡರು. ಅದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿದೆ.

ಈಗಿನ ವಾದಕ್ಕೆ ಬರೋಣ. ನೆಪ್ಚೂನಿನ ಆಚೆ ಬಹು ದೂರ ಸುತ್ತುವ ಆರು ಸಣ್ಣ ಕಾಯಗಳ ದಾರಿಗಳು ಒಂದೇ ದಿಕ್ಕಿಗೆ ಚಾಚಿವೆ, ಭೂಮಿಯ ಸುಮಾರು ೧೦ ಪಾಲು ತೂಕದ ಗ್ರಹವೊಂದು ಅವನ್ನು ಹಾಗೆ ಹಿಡಿದಿಟ್ಟಿದೆ ಎಂದು ೨೦೧೬ರಲ್ಲಿ ಅಮೆರಿಕದ ಬಟಿಗಿನ್ ಮತ್ತು ಬ್ರೌನ್ ಹೇಳಿದರು. ಅದು ಸೂರ್ಯನನ್ನು ಒಂದು ಸುತ್ತು ಬರಲು ೧೦ರಿಂದ ೨೦ ಸಾವಿರ ವರ್ಷ ಬೇಕೆಂಬುದು ಅವರ ಅಂದಾಜು. ಎದುರುವಾದಿಗಳು ಒಪ್ಪಲಿಲ್ಲ. ಬ್ಯಾಟರಿಯ ಬೆಳಕನ್ನು ಹೊಲದ ಒಂದೇ ಮೂಲೆಗೆ ಬಿಟ್ಟವನಿಗೆ ಹಂದಿಗಳೆಲ್ಲ ಆ ಮೂಲೆಯಲ್ಲೇ ಕಾಣುವುದಿಲ್ಲವೆ? ದೂರದರ್ಶಕಗಳು ನೋಡಿದ ಕಡೆ ಕಂಡವು, ನೋಡದ ಕಡೆ ಕಾಣಲಿಲ್ಲ, ಅಷ್ಟೇ ಎನ್ನುತ್ತಾರೆ. ದಾರಿ ಬೇರೆ ಕಡೆಗೆ ಚಾಚಿದ ಇನ್ನೊಂದು ಕಾಯದ ಸುದ್ದಿಯೂ ೨೦೨೫ರಲ್ಲಿ ಬಂತು. ನನಗೆ ಎದುರುವಾದಿಗಳ ಮಾತೇ ಹೆಚ್ಚು ತೂಕದ್ದಾಗಿ ತೋರುತ್ತದೆ. ಆರು ಎಂಬುದು ತೀರ ಸಣ್ಣ ಲೆಕ್ಕ. ಆದರೆ ನೆಪ್ಚೂನನ್ನು ನೆನೆದಾಗ ಇಲ್ಲವೆಂದು ಸಾಧಿಸಲೂ ಬಾಯಿ ಬರುವುದಿಲ್ಲ.

ಒಂದು ಎಚ್ಚರಿಕೆ. ಕಾಣದ ಗ್ರಹವೊಂದು ಭೂಮಿಗೆ ಬಡಿಯುವುದೆಂಬ ಸುಳ್ಳು ೨೦೧೨ರಲ್ಲಿ ಲೋಕವೆಲ್ಲ ಹಬ್ಬಿತ್ತು. ಈಗ ಹೇಳುವ ಗ್ರಹ ಇದ್ದರೂ, ಅತಿ ಸಮೀಪ ಬಂದಾಗಲೂ, ಸೂರ್ಯನು ನಮಗಿರುವ ದೂರಕ್ಕಿಂತ ನೂರಾರು ಪಾಲು ದೂರದಲ್ಲಿಯೇ ಇರುತ್ತದೆ. ಇದನ್ನು ‘ಒಂಬತ್ತನೆಯ ಗ್ರಹ’ ಎಂದು ಕರೆಯುವುದರಿಂದ ನಮ್ಮ ನವಗ್ರಹಗಳೊಡನೆ ಬೆರೆಸಬೇಡಿ. ಅಲ್ಲಿ ಸೂರ್ಯ ಚಂದ್ರರೂ ಲೆಕ್ಕಕ್ಕಿದ್ದಾರೆ. ರಾಹುಕೇತುಗಳು ಸೂರ್ಯ ಚಂದ್ರರ ದಾರಿಗಳು ಒಂದನ್ನೊಂದು ದಾಟುವ ಸ್ಥಾನಗಳು. ಹೊಸ ಗ್ರಹದ ದೋಷಕ್ಕೆ ಶಾಂತಿ ಮಾಡಿಸಿ ಎಂದು ಯಾರಾದರೂ ಬಂದರೆ, ಅದು ಆಕಾಶದಲ್ಲಿ ಎಲ್ಲಿದೆ, ತೋರಿಸಿ ಎಂದು ಕೇಳಿ. ಪಂಡಿತರೆಲ್ಲ ಅದನ್ನೇ ಕೇಳುತ್ತಿದ್ದಾರೆ.

ಚಿಲಿ ದೇಶದ ಬೆಟ್ಟವೊಂದರ ಮೇಲಿನ ವೀರಾ ರೂಬಿನ್ ವೀಕ್ಷಣಾಲಯ ೨೦೨೫ರ ಜೂನ್ ತಿಂಗಳಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿತು. ಅದರ ಕನ್ನಡಿಯ ಅಗಲ ೮.೪ ಮೀಟರು. ದಕ್ಷಿಣದ ಆಕಾಶವನ್ನೆಲ್ಲ ಹತ್ತು ವರ್ಷ ಮತ್ತೆ ಮತ್ತೆ ಚಿತ್ರ ತೆಗೆಯಲೆಂದು ಅದನ್ನು ಕಟ್ಟಿದ್ದಾರೆ. ಬೆಳಕು ಇನ್ನು ಒಂದು ಮೂಲೆಗೆ ಮಾತ್ರ ಬೀಳುವುದಿಲ್ಲ.