ಒಂದು ಪುಸ್ತಕ, ಒಂದು ಪೆನ್ನು, ಒಂದು ಗಡಿಯಾರ
(ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಸಮಯದ ಸದುಪಯೋಗ’ ಎಂಬ ವಿಷಯ ಕೊಟ್ಟಿದ್ದಾರೆ. ಹೆಸರು ದೊಡ್ಡದು, ನಾನು ಹೇಳುವುದು ಸಣ್ಣದು. ಪರೀಕ್ಷೆಗೆ ಮೂರು ತಿಂಗಳಿದೆ ಎಂದಾಗ ನಮ್ಮ ಮಕ್ಕಳು ಮೊದಲು ಮಾಡುವ ಕೆಲಸ ಯಾವುದು? ಬಣ್ಣಬಣ್ಣದ ಟೈಮ್ ಟೇಬಲ್. ಈಗ ಅದಕ್ಕೆ ಮೊಬೈಲಿನಲ್ಲಿ ಆ್ಯಪ್‌ಗಳೂ ಇವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ ಎರಡು ದಿನ ಅದರ ಅಲಂಕಾರದಲ್ಲೇ ಕಳೆಯುತ್ತದೆ. ಮೂರನೆಯ ದಿನ ಮನೆಗೆ ನೆಂಟರು ಬರುತ್ತಾರೆ, ಅಲ್ಲಿಗೆ ಟೈಮ್ ಟೇಬಲ್ಲಿನ ಕಥೆ ಮುಗಿಯಿತು.

ಇದಕ್ಕಿಂತ ಒಳ್ಳೆಯ ವಿಧಾನ ನಿಮ್ಮ ಬೀದಿಯಲ್ಲೇ ಇದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿ. ಉದ್ದನೆಯ ಒಂದು ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು. ಸಾಮಾನು ಕೊಟ್ಟ ಕೂಡಲೇ ಬರೆಯುತ್ತಾರೆ, ಆಮೇಲೆ ಬರೆದರಾಯಿತು ಎನ್ನುವುದಿಲ್ಲ. ಹಣ ಬಂದ ಕೂಡಲೇ ಗೆರೆ ಎಳೆಯುತ್ತಾರೆ. ಎಲ್ಲವೂ ಒಂದೇ ಪುಸ್ತಕದಲ್ಲಿ. ನಿಮ್ಮಲ್ಲಿ ಅನೇಕರ ಅಪ್ಪಂದಿರು ಇದೇ ಲೆಕ್ಕದ ಮೇಲೆ ಸಂಸಾರ ನಡೆಸಿದ್ದಾರೆ. ಓದಿನ ಕೆಲಸಕ್ಕೂ ಇಷ್ಟು ಸಾಕು.

ಬರೆದಿಡುವುದರಿಂದ ಏನಾಗುತ್ತದೆ? ಬರ್ಲಿನ್ನಿನಲ್ಲಿ ಸಂಶೋಧನೆ ಮಾಡಿದ ಬ್ಲೂಮಾ ಝೈಗಾರ್ನಿಕ್ ಎಂಬ ಮಹಿಳೆ 1927ರಲ್ಲಿ ಒಂದು ವಿಷಯ ಪ್ರಕಟಿಸಿದರು: ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ನಂತರದ ಪ್ರಯೋಗಗಳಲ್ಲಿ ಈ ಫಲಿತಾಂಶ ಪ್ರತಿಬಾರಿಯೂ ಬರಲಿಲ್ಲ. ಆದರೆ 2011ರಲ್ಲಿ ಅಮೆರಿಕದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಕಂಡುಕೊಂಡದ್ದು ನಮಗೆ ಉಪಯುಕ್ತ. ಬಾಕಿ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಜಿಸಿದರೆ ಸಾಕು, ಕೆಲಸ ಮುಗಿಯದಿದ್ದರೂ ಅದು ಮನಸ್ಸನ್ನು ಕೆದಕುವುದು ಕಡಿಮೆಯಾಗುತ್ತದೆ. ಆದ್ದರಿಂದ ‘ಭೌತಶಾಸ್ತ್ರ ಓದಬೇಕು’ ಎಂದು ಬರೆಯಬೇಡಿ. ‘ಮಗ್ರಿಬ್ ಆದ ಮೇಲೆ ಓಮ್‌ನ ನಿಯಮದ ಐದು ಲೆಕ್ಕ’ ಎಂದು ಬರೆಯಿರಿ. ರಾತ್ರಿ ಮಲಗುವ ಮುನ್ನ ಇಂಥ ಮೂರು ಸಾಲು. ಹದಿಮೂರು ಬೇಡ.

ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರ ಇಟ್ಟುಕೊಂಡು ಓದಲು ಶುರು ಮಾಡಿದರು. ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು. ಇಟಾಲಿಯನ್‌ನಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುತ್ತಾರೆ. ಆ ಹೆಸರಿನಲ್ಲೇ ಈಗ ಬಗೆಬಗೆಯ ಆ್ಯಪ್‌ಗಳು ಬಂದಿರುವುದು ತಮಾಷೆ. ಗೋಡೆ ಗಡಿಯಾರ ಸಾಕು.

ಆ ಇಪ್ಪತ್ತೈದು ನಿಮಿಷದಲ್ಲಿ ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಾ ಕೂರಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಮರುಓದು ಮಾಡಿದವರೇ ಮುಂದು. ವಾರದ ನಂತರ ಕೇಳಿದಾಗ, ಓದಿದ ಮೇಲೆ ಪಾಠವನ್ನು ಬದಿಗಿಟ್ಟು ನೆನಪಿನಿಂದ ಬರೆದಿದ್ದವರು ಮುಂದೆ ಬಂದರು. ಇದಕ್ಕೆ ಬೇಕಾದದ್ದು ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳು ಮಾತ್ರ.

ದೊಡ್ಡ ಕೆಲಸಕ್ಕೆ ದೊಡ್ಡ ಸಾಧನ ಬೇಡವೇ ಎಂದು ಕೇಳಬಹುದು. 1998ರಲ್ಲಿ ತೀರಿಕೊಂಡ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಹತ್ತಾರು ಗ್ರಂಥಗಳನ್ನು ಬರೆದದ್ದು ಸುಮಾರು 90,000 ಕಾಗದದ ಚೀಟಿಗಳ ನೆರವಿನಿಂದ.

ಮೊಬೈಲ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿವೇತನದ ಅರ್ಜಿ ಹಾಕುವುದೇ ಆನ್‌ಲೈನಿನಲ್ಲಿ. ಆದರೆ ಅರ್ಜಿಯ ಕೊನೆಯ ದಿನಾಂಕ, ಬೇಕಾದ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕು, ಇವೆಲ್ಲ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿರಲಿ. ಮನೆಯ ಒಂದೇ ಫೋನ್ ಅಪ್ಪನ ಜೇಬಿನಲ್ಲಿ ಅಂಗಡಿಗೆ ಹೋಗಿರುತ್ತದೆ, ಪುಸ್ತಕ ಹೋಗುವುದಿಲ್ಲ. ಪ್ರತ್ಯೇಕ ಕೋಣೆ, ಲ್ಯಾಪ್‌ಟಾಪ್ ಇಲ್ಲವೆಂದು ಹಿಂಜರಿಯುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪೋಷಕರಲ್ಲಿ ಒಂದು ವಿನಂತಿ. ಮಗಳು ಪುಸ್ತಕದಲ್ಲಿ ಸಾಲು ಬರೆದು ಗಡಿಯಾರ ನೋಡಿ ಕುಳಿತಾಗ ನಡುವೆ ಕರೆಯಬೇಡಿ. ಒಲೆಯ ಮೇಲಿನ ಹಾಲನ್ನು ಆ ಇಪ್ಪತ್ತೈದು ನಿಮಿಷ ಅವಳ ಅಣ್ಣನೂ ನೋಡಿಕೊಳ್ಳಬಹುದು.