ಕೊಡುವ ಕೈ, ದುಡಿಯುವ ಕೈ



ನಮ್ಮ ಶಾಲೆ ನೂರು ವರ್ಷ ಬಾಳಿದ್ದು ಎರಡು ಬಗೆಯ ಕೈಗಳಿಂದ. ಒಂದು ಕೊಡುವ ಕೈ, ಇನ್ನೊಂದು ದುಡಿಯುವ ಕೈ. ಶತಮಾನೋತ್ಸವದ ನಿಮಿತ್ತ ಗಣಕಯಂತ್ರಗಳನ್ನು ಕೊಡಲು ಹಲವರು ಮುಂದೆ ಬಂದಿರುವ ಈ ಸಂದರ್ಭದಲ್ಲಿ, ಆ ಎರಡು ಕೈಗಳ ಸಂಬಂಧವನ್ನು ಕುರಿತು ಕೆಲವು ಮಾತು ಹೇಳಬಯಸುತ್ತೇವೆ.

ಗಣಕ ಲೋಕದಲ್ಲಿ ಮುಕ್ತ ತಂತ್ರಾಂಶವೆಂಬ ಒಂದು ಪದ್ಧತಿಯಿದೆ. ಅದರ ಮೂಲ ಬರಹವನ್ನು ಯಾರೂ ನೋಡಬಹುದು, ತಿದ್ದಬಹುದು, ಹಂಚಬಹುದು. 12ನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕಟ್ಟಿಸಿದ ಕೆರೆಯಂತೆ ಅದು ಎಲ್ಲರ ಸೊತ್ತು. ಆದರೆ ಕೆರೆಗೆ ಹಣ ಕೊಟ್ಟವನು ನೀರಿನ ಒಡೆತನವನ್ನೂ ಕೇಳಿದರೆ ಏನು ಮಾಡಬೇಕು?

ಓಪನ್ ಆಫೀಸ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಈ ಪ್ರಶ್ನೆ ಎದ್ದಿತು. ಸನ್ ಕಂಪನಿಯು 2000ರಲ್ಲಿ ಅದರ ಮೂಲವನ್ನು ಲೋಕಕ್ಕೆ ತೆರೆದಿತ್ತು. 2010ರಲ್ಲಿ ಆ ಕಂಪನಿಯನ್ನು ಒರಾಕಲ್ ಕೊಂಡಿತು. ವರ್ಷಗಟ್ಟಲೆ ದುಡಿದ ಸ್ವಯಂಸೇವಕರಿಗೆ ತಮ್ಮ ಮಾತಿಗೆ ಬೆಲೆಯಿರದೆಂಬ ಆತಂಕ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಪ್ರತ್ಯೇಕ ಪ್ರತಿಷ್ಠಾನ ಕಟ್ಟಿಕೊಂಡು, ಅದೇ ಮೂಲದಿಂದ ಲಿಬ್ರೆ ಆಫೀಸ್ ರೂಪಿಸಿದರು. ಮರುವರ್ಷ ಒರಾಕಲ್ ತನ್ನ ಪಾಲನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿತು. ಲಿಬ್ರೆ ಆಫೀಸನ್ನು ಇಂದು ಕನ್ನಡದಲ್ಲಿಯೂ ಬಳಸಬಹುದು. ಮೂಲವು ಮುಕ್ತವಾಗಿದ್ದುದರಿಂದಲೇ ದುಡಿದವರು ಬರಿಗೈಯಲ್ಲಿ ಹೊರಬೀಳಲಿಲ್ಲ.

ಎರಡನೆಯ ಪ್ರಸಂಗ ನಮ್ಮ ಭಾಷೆಗೇ ಸಂಬಂಧಿಸಿದ್ದು. ಮುಕ್ತ ತಂತ್ರಾಂಶದ ಮೇಲೆ ನಡೆಯುವ ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಬರೆಯುವವರು ಕೆಲವರು, ಸಂಬಳವಿಲ್ಲ. ಮುಂದೆ ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನ ಬಳಸಿ, ಹಣ ಪಡೆವ ಅನುವಾದಕರ ಮೂಲಕ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೆ ತರತೊಡಗಿತು. 2010ರ ವೇಳೆಗೆ ಎಲ್ಲ ಭಾಷೆಗಳೂ ಸೇರಿ 1.6 ಕೋಟಿ ಪದಗಳಾದುವೆಂದು ಸಂಸ್ಥೆಯೇ ಪ್ರಕಟಿಸಿತು. ಕೊಡುಗೆ ದೊಡ್ಡದು, ಆದರೆ ಯಾವ ವಿಷಯ ಬೇಕೆಂದು ಸ್ಥಳೀಯ ಬಳಗಗಳನ್ನು ಮೊದಲು ಕೇಳಿರಲಿಲ್ಲ. ವಾಕ್ಯಗಳು ಇಂಗ್ಲಿಷಿನ ನಡಿಗೆಯಲ್ಲಿದ್ದುವು. ತಿದ್ದುವ ಹೊರೆ ಸ್ವಯಂಸೇವಕರ ಹೆಗಲೇರಿತು. ಬಂಗಾಳಿ ಬಳಗ ಅಂಥ ಲೇಖನಗಳನ್ನು ಒಲ್ಲೆನೆಂದಿತು; ತಮಿಳು ಬಳಗ ಸಂಸ್ಥೆಯೊಡನೆ ಮಾತುಕತೆಗೆ ಕುಳಿತು ಗುಣಮಟ್ಟದ ನಿಯಮಗಳನ್ನು ಕೇಳಿತು.

ದಾನಿಯನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಮುಕ್ತ ತಂತ್ರಾಂಶದ ಬಹುಪಾಲು ಕೆಲಸವನ್ನು ಇಂದು ಮಾಡುತ್ತಿರುವವರಲ್ಲಿ ಕಂಪನಿಗಳ ಸಂಬಳ ಪಡೆಯುವವರೂ ಅನೇಕರು. ಸೇವೆಯೊಂದರಿಂದಲೇ ಒಲೆ ಉರಿಯದು. ಆದರೆ ಕೇಳದೆ ಕೊಟ್ಟದ್ದು ಪಡೆದವರಿಗೆ ಭಾರವಾಗಬಹುದು ಎಂಬುದಷ್ಟೇ ನಮ್ಮ ಮಾತು.

ಇದು ಅಕ್ಕಲಕೋಟಕ್ಕೆ ಹೊರಗಿನ ವಿಷಯವಲ್ಲ. ಗಡಿಯ ಈಚೆಗಿನ ನಮ್ಮ ಮಕ್ಕಳಿಗೆ ಪುಣೆಯ ಬಾಲಭಾರತಿಯಿಂದ ಕನ್ನಡ ಪಠ್ಯಪುಸ್ತಕ ಬರುತ್ತದೆ. ಪಠ್ಯದಾಚೆಯ ಓದಿಗೆ ಅಂತರಜಾಲವೇ ಹತ್ತಿರದ ಗ್ರಂಥಾಲಯ. ಅಲ್ಲಿನ ಕನ್ನಡ ಕಬ್ಬಿಣದ ಕಡಲೆಯಾದರೆ, ತನ್ನ ಭಾಷೆಯಲ್ಲಿ ವಿಜ್ಞಾನ ಹೇಳಲು ಬಾರದೆಂದು ಮಗು ನಂಬುತ್ತದೆ. ಮಗು ನಂಬಿದ್ದನ್ನು ಪಾಲಕರೂ ನಂಬುತ್ತಾರೆ. ಮರುವರ್ಷ ಪಟದ ಮೇಲೆ ಒಂದು ಹೆಸರು ಕಡಿಮೆಯಾಗುತ್ತದೆ.

ಆದ್ದರಿಂದ ದಾನಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಯಂತ್ರ ಕೊಡುವ ಮುನ್ನ, ಅದರ ಮುಂದೆ ನಿತ್ಯ ನಿಲ್ಲುವ ಶಿಕ್ಷಕರನ್ನು ಕೇಳಿರಿ. ಕನ್ನಡದಲ್ಲಿ ಬಳಸಬಲ್ಲ ಮುಕ್ತ ತಂತ್ರಾಂಶವನ್ನೇ ಅಳವಡಿಸಿರಿ. ಕೊಟ್ಟ ವರ್ಷದ ಫಲಕಕ್ಕಿಂತ ಐದನೆಯ ವರ್ಷದ ದುರಸ್ತಿಯನ್ನು ನೆನೆಯಿರಿ. ನಮ್ಮ ಕರ್ತವ್ಯವೂ ಇದೆ. ನಮ್ಮ ಊರು, ಕೆರೆ, ಬೆಳೆ, ಜಾತ್ರೆಗಳ ವಿಷಯವನ್ನು ನಮ್ಮ ಮಕ್ಕಳೇ ತಿಳಿಗನ್ನಡದಲ್ಲಿ ಬರೆದು, ಶಿಕ್ಷಕರು ತಿದ್ದಿ, ವಿಕಿಪೀಡಿಯಕ್ಕೆ ಸೇರಿಸಲಿ. ಪಡೆಯುವವರಾಗಿ ಮಾತ್ರ ಉಳಿದವರಿಗೆ ಮಾತಿನ ಹಕ್ಕು ದಕ್ಕುವುದಿಲ್ಲ. ದುಡಿದವರಿಗೆ ಅದು ತಾನಾಗಿ ಬರುತ್ತದೆ.

ಕೊಡುವ ಕೈಗೆ ನಮ್ಮ ಕೃತಜ್ಞತೆ, ದುಡಿಯುವ ಕೈಗೆ ನಮ್ಮ ಗೌರವ.