ಹುಡುಗರನ್ನು ಮೈದಾನಕ್ಕೆ ಕಳಿಸಬೇಡಿ



ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ನಮ್ಮ ಶಾಲೆಗೆ ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಿಂದ ನರ್ಸಮ್ಮ ಬರುತ್ತಿದ್ದರು. ಹೆಣ್ಣುಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕುತ್ತಿದ್ದೆವು. ಹುಡುಗರ ಕೈಗೆ ವಾಲಿಬಾಲ್ ಕೊಟ್ಟು ಮೈದಾನಕ್ಕೆ ಕಳಿಸುತ್ತಿದ್ದೆವು. ಬಾಲ್ ಕೊಡುತ್ತಿದ್ದವನು ನಾನೇ. ಮುಚ್ಚಿದ ಬಾಗಿಲ ಬಗ್ಗೆ ಅವರು ಏನೇನು ಪಿಸುಗುಟ್ಟಿಕೊಂಡರೋ, ಅದೇ ಅವರ ಪಾಲಿನ ಪಾಠ.

ಪ್ರಾರ್ಥನೆಯಲ್ಲಿ ನಾಡಗೀತೆ ಹೇಳಿಕೊಡುತ್ತಿದ್ದ ಎಂಟನೇ ತರಗತಿಯ ಹುಡುಗ ಇದ್ದಕ್ಕಿದ್ದಂತೆ ದಿನವೂ ತಡವಾಗಿ ಬರತೊಡಗಿದ. ಗದರಿಸಿದೆ, ಗೇಟಿನ ಬಳಿ ನಿಲ್ಲಿಸಿದೆ. ಎರಡು ವಾರದ ಮೇಲೆ ಅವನ ಅಜ್ಜಿ ಬಂದು, "ಹುಡುಗನ ಗಂಟ್ಲು ಕೆಟ್ಟೈತೆ ಸಾ, ತಾಯ್ತ ಕಟ್ಟಿಸಿವ್ನಿ" ಎಂದರು. ದನಿ ಒಡೆದಿತ್ತು, ಅಷ್ಟೇ. ಧ್ವನಿಪೆಟ್ಟಿಗೆ ಬೆಳೆಯುವುದು, ದನಿ ದಪ್ಪಗಾಗುವುದು ಎಲ್ಲವೂ ಹದಿಹರೆಯದ ಪಾಠದಲ್ಲಿತ್ತು. "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಆ ಪುಟಗಳನ್ನು ದಾಟಿಸಿದ್ದವನೂ ನಾನೇ. ಈಗಲೂ ಅದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ.

ಈ ಪಾಠ ಹೇಳಲು ಸರ್ಕಾರಗಳೂ ಹಿಂದೆ ಮುಂದೆ ನೋಡಿವೆ. 2005ರಲ್ಲಿ ಕೇಂದ್ರ ತಂದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಬೇಡವೆಂದವು. 2020ರ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಹನ್ನೊಂದು ವಿಷಯಗಳಿವೆ: ಮೈಯ ಬೆಳವಣಿಗೆ, ಮನಸ್ಸಿನ ಆರೋಗ್ಯ, ಆಹಾರ, ದುಶ್ಚಟ, ಇಂಟರ್ನೆಟ್ ಬಳಕೆ, ಗಂಡು ಹೆಣ್ಣಿನ ಸಮಾನತೆ ಹೀಗೆ. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಮಾತು. ಪ್ರತಿ ಶಾಲೆಯಲ್ಲೂ ಇಬ್ಬರು ಶಿಕ್ಷಕರು ತರಬೇತಿ ಪಡೆಯಬೇಕು, ಆದಷ್ಟೂ ಒಬ್ಬರು ಗಂಡಸು, ಒಬ್ಬರು ಹೆಂಗಸು. ಪಾಠವನ್ನು ಮೇಡಂ ತಲೆಯ ಮೇಲೆ ಹೊರಿಸಿ ನಾವು ಗಂಡಸರು ಸ್ಟಾಫ್ ರೂಮಿಗೆ ಹೋಗುವಂತಿಲ್ಲ.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನೇ ನೋಡಿ. ಅದು ಹುಡುಗರಿಗೂ ಇದೆ. "ಅದು ಹುಡುಗೀರ ಮಾತ್ರೆ" ಎಂದು ಕಿಟಕಿಯಾಚೆ ಎಸೆಯುವುದನ್ನು ಕಂಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಮೂವರು ಹುಡುಗರಲ್ಲಿ ಒಬ್ಬ ಎಂದರೆ ಕಡಿಮೆಯೇ?

ಇನ್ನು ಕಾನೂನು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬಂದದ್ದು 2012ರಲ್ಲಿ. ಹದಿನೆಂಟು ತುಂಬದವರ ಒಪ್ಪಿಗೆಗೆ ಅದರಲ್ಲಿ ಬೆಲೆಯಿಲ್ಲ. ಇದು ಗೊತ್ತಿಲ್ಲದೆ ಪ್ರೀತಿಯೆಂದು ಹೊರಟ ಹುಡುಗ ಜೈಲು ಸೇರುತ್ತಾನೆ, ಹುಡುಗಿ ಶಾಲೆ ಬಿಡುತ್ತಾಳೆ. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಬೇಕೆಂದು ಹೇಳಿತು. ನ್ಯಾಯಾಲಯ ಹೇಳುವತನಕ ನಾವು, ಶಿಕ್ಷಕರು, ಕಾದೆವಲ್ಲ.

ತಾಯ್ತದ ಪ್ರಸಂಗದ ಮರುವರ್ಷ ಜೀವಶಾಸ್ತ್ರದ ಮೇಡಂ ಜೊತೆ ಸೇರಿ ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿದೆ. ಹಳೇ ಬಿಸ್ಕೆಟ್ ಡಬ್ಬದ ಮುಚ್ಚಳ ಸೀಳಿ, ಹೆಸರು ಬರೆಯದೆ ಪ್ರಶ್ನೆಯ ಚೀಟಿ ಹಾಕಿ ಎಂದೆವು. ಮೊದಲ ವಾರ ಡಬ್ಬದಲ್ಲಿ ಬರೀ ಖಾಲಿ ಕಾಗದ. ನಾನು ಕೈಬಿಡುವವನಿದ್ದೆ. "ಇರಲಿ ಸರ್, ಡಬ್ಬ ತೆರೆಯುತ್ತೇವೋ ಇಲ್ಲವೋ ಅಂತ ನೋಡ್ತಿದ್ದಾರೆ" ಎಂದರು ಮೇಡಂ. ಮೂರನೇ ವಾರ ಹುಡುಗನ ಕೈಬರಹದ ಚೀಟಿಯೊಂದು ಬಂತು: "ಅಕ್ಕ ತಿಂಗಳಲ್ಲಿ ಮೂರು ದಿನ ಹೊಟ್ಟೆ ಹಿಡ್ಕೊಂಡು ಮಲಗ್ತಾಳೆ. ನಾನು ಏನು ಮಾಡಬಹುದು?"

ತರಗತಿ ನಗಲಿಲ್ಲ. ಬಿಸಿನೀರಿನ ಶಾಖ, ನೋವು ಜೋರಾದರೆ ಡಾಕ್ಟರು ಎಂದು ಮೇಡಂ ವಿವರಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ನೀರಿನ ಕೊಡ ಅವನು ಹೊರಲಿ ಸರ್" ಎಂದಳು.